ಬಾಲದ ತೂಕ

ಭಾನುವಾರ ಜಗಳೂರಿನ ಮಂಡಿಯಲ್ಲಿ ಮೆಕ್ಕೆಜೋಳದ ಚೀಲ ತೂಗುವ ಮೂರು ಯಂತ್ರಗಳ ಮೇಲೆ ಭೀಮೇಶನ ವಿಮಾನವನ್ನು ನಿಲ್ಲಿಸಿ ತೂಗಿದೆವು. ಮುಂದಿನ ಚಕ್ರಗಳಿಗೆ ಒಂದೊಂದು ಯಂತ್ರ, ಬಾಲದ ಚಿಕ್ಕ ಚಕ್ರಕ್ಕೆ ಮತ್ತೊಂದು. ಭೀಮೇಶ ತನ್ನ ಜಾಗದಲ್ಲಿ ಕುಳಿತಿದ್ದ. ಮೂರೂ ಅಂಕಿಗಳನ್ನು ಕೂಡಿದಾಗ ಇನ್ನೂರ ನಲವತ್ತು ಕಿಲೋ ಬಂತು. ಅದರಲ್ಲಿ ಅರವತ್ತು ಅವನದು.

ತೂಕದ ಕೇಂದ್ರವು ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ ನಲವತ್ತು ಸೆಂಟಿಮೀಟರ್ ದಾಟಬಾರದೆಂದು ನಕ್ಷೆಯಲ್ಲಿತ್ತು. ದಾಟಿದರೆ ಬಾಲ ಭಾರವಾಗುತ್ತದೆ, ಮೂತಿ ತಾನಾಗಿ ಮೇಲೇಳುತ್ತದೆ, ಮತ್ತೆ ಇಳಿಸುವುದು ಕಷ್ಟ. ನನ್ನ ಲೆಕ್ಕಕ್ಕೆ ಮೂವತ್ತೊಂಬತ್ತು ಬಂತು.

"ಮೂತಿಗೆ ಒಂದೈದು ಕಿಲೋ ಸೀಸ ಕಟ್ಲಾ ಮೇಷ್ಟ್ರೆ? ಒಂದು ಸೆಂಟಿಮೀಟರು ಬಾಳ ಕಮ್ಮಿ ಆತು," ಎಂದ ಭೀಮೇಶ.

"ಮಿತಿಯ ಒಳಗಿದ್ದರೆ ಒಳಗೆ. ಭಯಕ್ಕೆ ಅಂಕ ಇಲ್ಲ."

ಅವನು ಎಂಟನೆಯ ತರಗತಿಯಿಂದ ಹತ್ತನೆಯವರೆಗೆ ನನ್ನ ಬಳಿ ಗಣಿತ ಕಲಿತವನು. ನನ್ನ ಉತ್ತರವನ್ನು ಎಂದೂ ಪ್ರಶ್ನಿಸಿದವನಲ್ಲ. ಅಂದೂ ಪ್ರಶ್ನಿಸಲಿಲ್ಲ.

ಭೀಮೇಶನಿಗೆ ಜಗಳೂರಿನಲ್ಲಿ ವೆಲ್ಡಿಂಗ್ ಅಂಗಡಿ. ಟ್ರೇಲರ್, ನೇಗಿಲು, ಗೇಟು ಅವನ ದಿನದ ಕೆಲಸ. ನಾಲ್ಕು ವರ್ಷದ ಹಿಂದೆ ಅವನಿಗೆ ಒಂದು ಹಳೆಯ ನಕ್ಷೆಯ ಪ್ರತಿ ಸಿಕ್ಕಿತು. ತೊಂಬತ್ತು ವರ್ಷಗಳ ಹಿಂದೆ ಪರದೇಶಗಳಲ್ಲಿ ಸಾಮಾನ್ಯ ಜನ, ಕಾರು ಕೊಳ್ಳಲಾಗದವರು ಕೂಡ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟಿಕೊಳ್ಳುತ್ತಿದ್ದ ಕಾಲದ ನಕ್ಷೆ ಅದು. ಬೇರೆ ಪೈಲಟ್ ಇರುತ್ತಿರಲಿಲ್ಲ. ಕಟ್ಟಿದವನೇ ಮೊದಲ ಸಲ ಹತ್ತಿ ಪರೀಕ್ಷಿಸಬೇಕಿತ್ತು. ಹಾಗೆ ಹತ್ತಿ ಇಳಿಯದವರೂ ಇದ್ದರು. ಭೀಮೇಶ ಅವರ ಬಗ್ಗೆ ಓದಿದ್ದ, ನನಗೂ ಓದಿಸಿದ್ದ. ಚನ್ನಗಿರಿಯ ಸಾಮಿಲ್ಲಿನಲ್ಲಿ ಹಲಗೆ ಕೊಯ್ಯಿಸಿ ತಂದು ಅಂಗಡಿಯ ಹಿಂದೆ ಕೆಲಸ ಹೂಡಿದ. ಅವನ ಅಕ್ಕನ ಗಂಡ ಪರಶುರಾಮ್ ಜೊತೆಗಿದ್ದ. ಪರವಾನಗಿಗೆ ಬರೆದ ಅರ್ಜಿಗೆ ಉತ್ತರ ಬಂದಿರಲಿಲ್ಲ. ಉತ್ತರ ಬರುವ ತನಕ ಕಾಯಿರಿ ಎಂದು ಹೇಳುವ ವಯಸ್ಸು ನನ್ನದು. ಹೇಳಲಿಲ್ಲ.

ಸೊಕ್ಕೆಯ ಆಚೆಗೆ ಒಣಗಿದ ಕೆರೆಯಂಗಳವಿದೆ. ಎರಡು ತಿಂಗಳು ಅಲ್ಲಿ ವಿಮಾನವನ್ನು ನೆಲದ ಮೇಲೆಯೇ ಓಡಿಸಿದ. ನಾನು ನೂರು ಹೆಜ್ಜೆಗೊಂದರಂತೆ ಸುಣ್ಣದ ಗೆರೆ ಎಳೆಸಿದ್ದೆ. ಎರಡನೆಯ ಗೆರೆಗೆ ಬಾಲ ನೆಲ ಬಿಡಬೇಕು. ಪ್ರತಿ ಸಲವೂ ಬಿಟ್ಟಿತು. ನಾಲ್ಕನೆಯ ಗೆರೆಗೆ ಚಕ್ರಗಳು ಹಗುರಾಗಬೇಕು, ಆದವು. ಇನ್ನು ಉಳಿದದ್ದು ಏಳುವುದೊಂದೇ. ಎರಡಾಳು ಎತ್ತರ ಎದ್ದು, ನೂರು ಗಜ ಹೋಗಿ, ಇಳಿಯುವುದು. ಅಷ್ಟೇ ಎಂದು ನಿಶ್ಚಯಿಸಿದೆವು.

ಬುಧವಾರ ಬೆಳಿಗ್ಗೆ ಕೆರೆಯಂಗಳಕ್ಕೆ ಹೋದಾಗ ವಿಮಾನ ಮದುವೆಯ ಕಾರಿನಂತಿತ್ತು. ಮೂತಿಗೆ ಚೆಂಡುಹೂವಿನ ಹಾರ, ರೆಕ್ಕೆಯ ಎರಡು ತುದಿಗೂ ಬಾಳೆಗಿಡ, ದಾರಕ್ಕೆ ಪೋಣಿಸಿದ ನಿಂಬೆಹಣ್ಣು. ಭೀಮೇಶನ ತಾಯಿ ಕಾಟಮ್ಮ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು.

"ಎಲ್ಲಾ ತೆಗೆಯಿರಿ," ಎಂದೆ.

"ಒಂದ್ ನಿಂಬೆಹಣ್ಣು ಇರ್ಲಿ ಬಿಡ್ರಿ ಮೇಷ್ಟ್ರೆ. ಅದೇನ್ ತೂಕ ಐತೆ?"

"ಐವತ್ತು ಗ್ರಾಂ."

ಸುಣ್ಣದ ಗೆರೆ ಎಳೆಯುವ ಮೂಕಪ್ಪ ನಕ್ಕ. "ಮೇಷ್ಟ್ರು ದೇವ್ರನ್ನೂ ತಕ್ಕಡೀಗೆ ಹಾಕಿ ನೋಡೋ ಮನುಷ್ಯ ಕಣಕ್ಕ. ಅವರ ತಾವ ವಾದ ಮಾಡಾಕೆ ಹೋಗ್ಬ್ಯಾಡ."

"ಎತ್ತಿನಗಾಡಿಗೂ ಪೂಜೆ ಮಾಡ್ತೀವಿ. ಇದು ಮ್ಯಾಲೆ ಹೋಗೋದು. ಉಚ್ಚಂಗೆಮ್ಮನ ಹೆಸರಿಲ್ದೆ ಹೆಂಗೆ ಕಳಿಸ್ಲಿ?"

"ಹೆಸರಿಗೆ ತೂಕವಿಲ್ಲ, ಕಾಟಮ್ಮ. ಹೆಸರು ಹೇಳಿ ಕಳಿಸು. ಭಾನುವಾರ ತೂಗಿದ್ದಕ್ಕಿಂತ ಒಂದು ಹೂವೂ ಹೆಚ್ಚಿಗೆ ಇರಕೂಡದು."

ಅವಳು ಹಾರ ಬಿಚ್ಚಿದಳು. ನಾನು ಮುಂಭಾಗವನ್ನೂ ರೆಕ್ಕೆಗಳನ್ನೂ ಕೂರುವ ಜಾಗವನ್ನೂ ನೋಡಿದೆ. ಸುಣ್ಣದ ಗೆರೆಗಳನ್ನು ಇನ್ನೊಮ್ಮೆ ಅಳೆಯಲು ಹೋದೆ. ಕಾಲು ಗಂಟೆ ಆಗಿರಬಹುದು.

ಹಿಂದಿರುಗಿ ಬಂದು ಭೀಮೇಶನಿಗೆ ಬೆಲ್ಟು ಕಟ್ಟಿದೆ. ನನ್ನ ಕೆಂಪು ಟವಲನ್ನು ತೋರಿಸಿ, "ಇದು ಎದ್ದರೆ ಎಂಜಿನ್ ನಿಲ್ಲಿಸಬೇಕು. ಯಾಕೆಂದು ಯೋಚಿಸಕೂಡದು," ಎಂದೆ.

"ಪರೀಕ್ಷೆಗೆ ಕೂರಿಸ್ದಂಗೇ ಹೇಳ್ತೀರಲ್ರಿ ಮೇಷ್ಟ್ರೆ," ಎಂದು ನಕ್ಕ.

ಪರಶುರಾಮ್ ಮೂತಿಯ ಫ್ಯಾನನ್ನು ಕೈಯಿಂದ ತಿರುವಿದ. ಎಂಜಿನ್ ಹಿಡಿಯಿತು. ನಾನು ಮೂರನೆಯ ಗೆರೆಯ ಪಕ್ಕಕ್ಕೆ ಹೋಗಿ ನಿಂತೆ. ಕಾಟಮ್ಮ ನನ್ನ ಹಿಂದೆಯೇ ಬಂದಳು. ಸೊಕ್ಕೆಯಿಂದಲೂ ಸುತ್ತಿನ ಹಳ್ಳಿಗಳಿಂದಲೂ ಮುನ್ನೂರು ಜನ ಬಂದು ಅಂಗಳದ ಎರಡೂ ಬದಿಗೆ ಸಾಲಾಗಿದ್ದರು.

ವಿಮಾನ ಓಡಿತು. ಮೊದಲ ಗೆರೆ ದಾಟಿತು. ಎರಡನೆಯದನ್ನೂ ದಾಟಿತು. ಬಾಲ ನೆಲ ಬಿಡಲಿಲ್ಲ.

ನಾನು ಗಾಳಿಯ ದಿಕ್ಕು ನೋಡಿದೆ. ಬದಲಾಗಿರಲಿಲ್ಲ.

"ಏನೂ ಆಗಲ್ಲ ಬಿಡ್ರಿ," ಎಂದಳು ಕಾಟಮ್ಮ, ಕೈ ಮುಗಿದುಕೊಂಡೇ. "ಹಿಂದೆ ಅಮ್ಮ ಕುಂತಾಳೆ."

"ಹಿಂದೆ ಎಂದರೆ?"

"ಬಾಲದಾಗೆ. ಉಚ್ಚಂಗಿ ಗುಡ್ಡದ ಕಲ್ಲು, ಒಂದು ಕಾಯಿ. ಅರಿಶಿನದ ಬಟ್ಟೆಯಾಗೆ ಗಂಟು ಕಟ್ಟಿ ಒಳಗೆ ತೂರ್ಸೀನಿ. ಮುಂದೆ ಇಟ್ರೆ ಅವನ ಕಾಲು ತಾಗ್ತೈತಲ್ರಿ. ಕಾಲು ತಾಗೋ ತಾವ ದೇವ್ರನ್ನ ಇಡ್ತಾರಾ?"

ನಾನು ಟವಲು ಎತ್ತಿದೆ.

ಅದೇ ಹೊತ್ತಿಗೆ ಚಕ್ರಗಳು ನೆಲ ಬಿಟ್ಟವು. ಮುನ್ನೂರು ಜನ ಒಮ್ಮೆಗೇ ಕೂಗಿ ಹೆಗಲ ಟವಲುಗಳನ್ನು ತೆಗೆದು ಬೀಸತೊಡಗಿದರು. ಬಿಳಿಯವು, ಹಸಿರಿನವು, ಕೆಂಪಿನವು. ನಾನು ಬೀಸಿದೆ, ಕೂಗಿದೆ. ನನ್ನನ್ನು ನೋಡಿದ ಮೂಕಪ್ಪ, ಮೇಷ್ಟ್ರೂ ಕುಣಿಯಾಕೆ ಹತ್ತಿದ್ರು ನೋಡ್ರಪ್ಪಾ ಎಂದು ಪಕ್ಕದವರಿಗೆ ತೋರಿಸಿದ.

ಎರಡಾಳು ಎತ್ತರಕ್ಕೆ ಅದು ನಿಲ್ಲಲಿಲ್ಲ. ಮೂತಿ ಮೇಲೆ ಮೇಲೆ ಏಳುತ್ತ, ಕೆರೆ ಏರಿಯ ಮೇಲಿನ ಹುಣಸೆಮರದ ತಲೆಗೆ ಸಮವಾಯಿತು. ವೇಗ ಇಳಿಯುತ್ತಿರುವುದು ಎಂಜಿನ್ನಿನ ಸದ್ದಿನಲ್ಲೇ ತಿಳಿಯುತ್ತಿತ್ತು. ಹಾಗೆ ಮೂತಿ ಎತ್ತಿಕೊಂಡೇ ವೇಗ ಸತ್ತರೆ ವಿಮಾನ ಕಲ್ಲಿನಂತೆ ಬೀಳುತ್ತದೆ. ನನ್ನ ಕೈಯಲ್ಲಿದ್ದುದು ಟವಲು. ಗಂಟಿಗೂ ತೂಕದ ಕೇಂದ್ರಕ್ಕೂ ಮೂರೂಕಾಲು ಮೀಟರ್ ಚಿಲ್ಲರೆ ಅಂತರ ಎಂದು ತಲೆ ತನ್ನಷ್ಟಕ್ಕೆ ಗುಣಿಸುತ್ತಿತ್ತು. ಆ ಗುಣಾಕಾರದಿಂದ ಯಾರಿಗೂ ಉಪಯೋಗವಿರಲಿಲ್ಲ.

ಆಗ ಭೀಮೇಶನ ತಲೆ ಕಂಡಿತು. ಅವನು ಬೆಲ್ಟು ಬಿಚ್ಚಿಕೊಂಡು ಎದೆಯನ್ನು ಮುಂದಿನ ಹಲಗೆಗೆ ಒತ್ತಿ ಜರುಗಿದ್ದ. ಕಾರಣ ಅವನಿಗೆ ತಿಳಿದಿರಲಿಲ್ಲ. ಬಾಲ ಭಾರವಾಗಿದೆ ಎಂಬುದು ಮಾತ್ರ ತಿಳಿದಿತ್ತು, ಅದನ್ನು ಹಗುರ ಮಾಡಲು ಮುಂದಕ್ಕೆ ಸರಿಸಬಹುದಾಗಿದ್ದ ತೂಕ ಅವನೊಬ್ಬನದೇ. ಮೂತಿ ನಿಧಾನವಾಗಿ ತಗ್ಗಿತು. ವಿಮಾನ ಮಟ್ಟವಾಯಿತು. ಆದರೆ ವೇಗ ಉಳಿದಿರಲಿಲ್ಲ. ಮಟ್ಟವಾಗಿಯೇ, ಹುಣಸೆಮರದ ಎತ್ತರದಿಂದ ಕುಸಿಯಿತು. ಬೆಲ್ಟಿಲ್ಲದ ಅವನು ಹೊರಗೆ ಎಸೆಯಲ್ಪಟ್ಟ.

ಪರಶುರಾಮ್ ಮತ್ತು ಇತರರು ಅವನನ್ನು ಹಲಗೆಯ ಮೇಲೆ ಮಲಗಿಸಿ ದಾವಣಗೆರೆಗೆ ಒಯ್ದರು. ನಾನು ಬಾಲದೊಳಕ್ಕೆ ಕೈ ಹಾಕಿ ಗಂಟನ್ನು ತೆಗೆದೆ. ಕಾಯಿ ಒಡೆದಿರಲಿಲ್ಲ. ಮಂಡಿಗೆ ಹೋಗಿ ತೂಗಿಸಿದೆ. ಒಂದೂವರೆ ಕಿಲೋ. ಕೇಂದ್ರವನ್ನು ಎರಡು ಸೆಂಟಿಮೀಟರ್ ಹಿಂದಕ್ಕೆ ಸರಿಸಲು ಅಷ್ಟು ಸಾಕು. ಐದು ಕಿಲೋ ಸೀಸ ಮೂತಿಯಲ್ಲಿ ಇದ್ದಿದ್ದರೆ ಆ ಎರಡಕ್ಕೂ ಜಾಗವಿರುತ್ತಿತ್ತು.

ಹನ್ನೊಂದನೆಯ ದಿನ ಆಸ್ಪತ್ರೆಗೆ ಹೋದೆ. ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಆರು ತಿಂಗಳು ನೋಡೋಣ ಎಂದು ಡಾಕ್ಟರು ಹೇಳಿದ್ದರು. ನಾನು ಹಿಂದಿರುಗಿಸಿದ್ದ ಗಂಟನ್ನು ಕಾಟಮ್ಮ ಅವನ ತಲೆದಿಂಬಿನ ಬಳಿ ಇಟ್ಟು, ಸ್ಟೂಲಿನ ಮೇಲೆ ಕುಳಿತಿದ್ದಳು.

"ಅಮ್ಮ ಹಿಂದೆ ಇದ್ಲು ಅಂತ ಜೀವ ಉಳೀತು ಮೇಷ್ಟ್ರೆ," ಎಂದಳು. "ಕಾಲನ್ನೂ ಆಕೆನೇ ಕೊಡ್ತಾಳೆ."

ಭೀಮೇಶ ಗಂಟಿನ ಕಡೆ ನೋಡಲಿಲ್ಲ. ಅದು ಎಲ್ಲಿತ್ತೆಂದು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ತಾಯಿಯ ಮಾತನ್ನು ಅವನು ತಾಯಂದಿರು ಆಡುವ ಮಾತು ಎಂದು ತಿಳಿದಿದ್ದ.

"ಲೆಕ್ಕದಾಗೆ ಎಲ್ಲಿ ತಪ್ಪಿತ್ರಿ ಮೇಷ್ಟ್ರೆ?" ಎಂದು ಕೇಳಿದ. "ಮಲಗಿದ್ದಲ್ಲೇ ಹತ್ತು ದಿನದಿಂದ ಮಾಡಾಕೆ ಹತ್ತೀನಿ. ಮೂವತ್ತೊಂಬತ್ತೇ ಬರ್ತೈತೆ. ನಕ್ಷೆನೇ ತಪ್ಪಿರಬೇಕು. ಭಾವಂಗೆ ಹೇಳೀನಿ, ರಿಪೇರಿ ಮಾಡಿ ಎಂಜಿನ್ನು ಒಂದು ಗೇಣು ಮುಂದಕ್ಕೆ ಹಾಕು ಅಂತ. ಈ ಸಲ ಅವನೇ ಹತ್ತುತಾನಂತೆ."

ಒಂದು ಗೇಣು. ಅಷ್ಟು ಮುಂದಕ್ಕೆ ಹಾಕಿದರೆ ಮೂತಿ ಭಾರವಾಗಿ, ಎದ್ದ ವಿಮಾನ ನೆಲಕ್ಕೆ ಮೂತಿಯಿಟ್ಟೇ ಇಳಿಯುತ್ತದೆ. ಪರಶುರಾಮನಿಗೆ ಇಬ್ಬರು ಹೆಣ್ಣುಮಕ್ಕಳು. ಹೇಳದಿರುವಂತಿರಲಿಲ್ಲ. ಹೇಳಿದರೆ ಸ್ಟೂಲಿನ ಮೇಲಿದ್ದವಳು ಉಳಿದ ಆಯುಷ್ಯವನ್ನು ಮಗನ ಕಾಲುಗಳನ್ನು ನೋಡುತ್ತ ಕಳೆಯಬೇಕು.

"ಕಾಟಮ್ಮ, ಹೋಗಿ ಒಂದು ಕಾಫಿ ಕುಡಿದು ಬಾ," ಎಂದೆ.

"ಬ್ಯಾಡ್ರಿ. ಇವನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ನಾನು."

ಚೀಲದಿಂದ ಲೆಕ್ಕದ ಪುಸ್ತಕ ತೆಗೆದೆ. ಭಾನುವಾರದ ಪಟ್ಟಿಯ ಕೊನೆಗೆ ಎರಡು ಸಾಲು ಸೇರಿಸಿದೆ. ಮೊದಲನೆಯದು: ಉಚ್ಚಂಗೆಮ್ಮ, ಬಾಲದಲ್ಲಿ, ಒಂದೂವರೆ ಕಿಲೋ. ಎರಡನೆಯದು: ಸೀಸ, ಮೂತಿಯಲ್ಲಿ, ಐದು ಕಿಲೋ, ಮೇಷ್ಟ್ರು ಬೇಡವೆಂದದ್ದು. ಕೆಳಗೆ ತೂಕದ ಕೇಂದ್ರ ನಲವತ್ತೊಂದು ಎಂದು ಬರೆದು ಅವನ ಕೈಗೆ ಕೊಟ್ಟೆ.

ಅವನು ಓದಿದ. ಮೊದಲ ಸಾಲಿನ ಬಳಿ ಅವನ ಬೆರಳು ಬಹಳ ಹೊತ್ತು ನಿಂತಿತು. ತಲೆದಿಂಬಿನ ಬಳಿಯ ಗಂಟನ್ನು ನೋಡಿದ, ತಾಯಿಯನ್ನು ನೋಡಿದ.

"ಎಂಜಿನ್ನು ಇದ್ದಲ್ಲೇ ಇರ್ಲಿ ಅಂತ ಭಾವಂಗೆ ಹೇಳ್ರಿ ಮೇಷ್ಟ್ರೆ," ಎಂದ.

ಓದಲು ಬಾರದ ಕಾಟಮ್ಮ ಪುಸ್ತಕದ ಕಡೆಗೆ ಬಾಗಿದಳು. "ಏನ್ ಬರದಾರಪ್ಪ ಅದ್ರಾಗೆ?"



"ಅಮ್ಮನ ಹೆಸರು ಬರದಾರವ್ವ," ಎಂದ ಭೀಮೇಶ.

ಅವಳು ಅವನ ಕೈಯಿಂದ ಪುಸ್ತಕವನ್ನು ತೆಗೆದುಕೊಂಡು, ತೆರೆದ ಪುಟವನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಗಂಟಿನ ಪಕ್ಕದಲ್ಲಿ ಇಟ್ಟಳು. ನಾನು ಹೊರಡುವಾಗ ಅದನ್ನು ವಾಪಸು ಕೇಳಲಿಲ್ಲ.