ಎತ್ತರದ ಬಣವೆ, ಅಗಲದ ಬಣವೆ

ನಾರಿನ್ ಕಣಿವೆಯ ಗಂಡಸರಿಗೆ ಜೀನಿನಿಂದ ಇಳಿಯುವುದೆಂದರೆ ಪ್ರಾಣಸಂಕಟ. ಕುದುರೆ ಮೇಲೆ ಕೂತೇ ಹರಟೆ, ಕೂತೇ ಜಗಳ. ಹುಲ್ಲಿನ ಬಣವೆ ಅಳೆಯುವುದೂ ಕೂತೇ! ಚಾವಟಿ ಎತ್ತಿ ಹಿಡಿದು, ಬಣವೆಯ ತುದಿ ಅದಕ್ಕಿಂತ ಎಷ್ಟು ಮೇಲಿದೆ ಅಂತ ನೋಡಿದರೆ ಮುಗಿಯಿತು. ಎತ್ತರ ಇದ್ದದ್ದೇ ದೊಡ್ಡದು. ಇಳಿದು ಸುತ್ತು ಹಾಕುವ ಕರ್ಮ ಯಾರಿಗೆ ಬೇಕು?

ಆ ವರ್ಷ ಕೆಂಜೆ ಮತ್ತು ಅವಳ ಭಾವ ಮಂಬೆತ್ ಸೇರಿ ಹುಲ್ಲು ಕೊಯ್ದು, ಮನೆಗೊಂದರಂತೆ ಎರಡು ಬಣವೆ ಒಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಕೆಂಜೆಗೆ ಉಳಿದದ್ದು ಒಂದು ಹೆಣ್ಣುಕುದುರೆ. ಬೇಸಿಗೆಯಲ್ಲಿ ಅದರ ಹಾಲೇ ಸಂಸಾರ ತೂಗಿಸುತ್ತಿತ್ತು. ಆದರೆ ಕಾಲು ಕುಂಟು, ಹಿಮ ಕೆರೆದು ಮೇಯಲಾರದು. ಹುಲ್ಲು ಸಾಲದಿದ್ದರೆ ಚಳಿಗಾಲದ ಮಾಂಸಕ್ಕೆ ಅದನ್ನೇ ಕಡಿಯಬೇಕು. ಅದನ್ನು ನೆನೆದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಎತ್ತರದ್ದು ನೀನ್ ತಗೊಳ್ಳಮ್ಮ," ಅಂದ ಮಂಬೆತ್, ಜೀನಿನ ಮೇಲಿಂದಲೇ. "ನನಗೆ ಆ ಕುಳ್ಳಗಿರೋದು ಸಾಕು."

ಕೆಂಜೆ ಎರಡರ ಸುತ್ತಲೂ ನಡೆದು ಬಂದಳು. ಎತ್ತರದ್ದು ಆರು ಗಜ ಎತ್ತರ, ಬುಡ ನಾಲ್ಕು ಗಜ ಅಗಲ. ಕುಳ್ಳಗಿನದು ನಾಲ್ಕು ಗಜ ಎತ್ತರ, ಬುಡ ಆರು ಗಜ. ಶಾಲೆಯ ಪಾಠ ನೆನಪಾಯಿತು. ಬಣವೆಯಂಥ ಶಂಕುವಿನ ಗಾತ್ರದ ಲೆಕ್ಕದಲ್ಲಿ ಎತ್ತರವನ್ನು ಗುಣಿಸುವುದು ಒಂದೇ ಸಲ, ಅಗಲವನ್ನು ಎರಡು ಸಲ. ಮಿಕ್ಕದ್ದೆಲ್ಲ ಎರಡಕ್ಕೂ ಒಂದೇ. ನಾಲ್ಕು ನಾಲ್ಕಲಿ ಹದಿನಾರು, ಅದರ ಆರರಷ್ಟು ತೊಂಬತ್ತಾರು. ಆರಾರಲಿ ಮೂವತ್ತಾರು, ಅದರ ನಾಲ್ಕರಷ್ಟು ನೂರ ನಲವತ್ತನಾಲ್ಕು. ಕುಳ್ಳಗಿನದರಲ್ಲಿ ಒಂದೂವರೆಪಟ್ಟು ಹುಲ್ಲು!

"ನನಗೆ ಕುಳ್ಳಗಿನದೇ ಇರಲಿ ಭಾವ," ಅಂದುಬಿಟ್ಟಳು.

ಮಂಬೆತ್‌ನ ಕಣ್ಣು ತುಂಬಿತು. "ಎಂಥಾ ಚಿನ್ನದಂಥ ಮನಸ್ಸಮ್ಮ ನಿಂದು. ನನ್ನ ಕುರಿಗಳಿಗೆ ಸಾಲಲ್ಲ ಅಂತ ಯೋಚನೆ ಮಾಡಿದ್ಯಲ್ಲ."

ಬಾಯಿ ಮುಚ್ಚಿಕೊಂಡಿದ್ದರೆ ಕುದುರೆ ಉಳಿಯುತ್ತಿತ್ತು. ಆದರೆ ಆ ಹೊಗಳಿಕೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅವಳಿಗೆ ನಾಚಿಕೆಯಾಯಿತು.

"ಚಿನ್ನವೂ ಇಲ್ಲ, ಮಣ್ಣೂ ಇಲ್ಲ ಭಾವ. ಅದರಲ್ಲೇ ಹುಲ್ಲು ಜಾಸ್ತಿ ಇದೆ. ಅದಕ್ಕೇ ಕೇಳಿದೆ."

"ತಲೆ ಕೆಟ್ಟಿದ್ಯಾ ನಿನಗೆ? ನಮ್ಮಜ್ಜ ಮುತ್ತಜ್ಜ ಎಲ್ಲ ಕಣ್ಣಿಗೆ ಬಟ್ಟೆ ಕಟ್ಕೊಂಡು ಅಳೀತಿದ್ರಾ?"

"ಬಟ್ಟೆ ಕಟ್ಕೊಂಡಿರಲಿಲ್ಲ. ಕೆಳಗೆ ಇಳೀತಿರಲಿಲ್ಲ, ಅಷ್ಟೆ. ನೀವು ಇಳೀರಿ."

ಮಂಬೆತ್ ಗೊಣಗುತ್ತ ಇಳಿದ. ಕೆಂಜೆ ಗಜಕ್ಕೊಂದು ಬೆರಳಗಲದ ಲೆಕ್ಕದಲ್ಲಿ ಉಣ್ಣೆಬಟ್ಟೆಯ ಎರಡು ತುಂಡುಗಳನ್ನು ಆ ಎರಡು ಬಣವೆಗಳದೇ ಆಕಾರ ಬರುವಂತೆ ಪೊಟ್ಟಣ ಸುತ್ತಿ ಹೊಲಿದು, ತಲೆಕೆಳಗಾಗಿ ಹಿಡಿದಳು. ಮಂಬೆತ್ ತನ್ನ ಕುದುರೆಯ ಚೀಲದಿಂದ ಜವೆಗೋಧಿ ತೆಗೆದು, ತನ್ನ ಕೈಯಾರೆ ತುಂಬಿದ. ಎತ್ತರದ್ದು ಎರಡು ಹಿಡಿಗೆ ತುಂಬಿ ತುಳುಕಿತು. ಅಗಲದ್ದು ಎರಡನ್ನು ನುಂಗಿ, ಮೂರನೆಯದನ್ನೂ ನುಂಗಿತು.

ಮಂಬೆತ್ ಎರಡೂ ಬಣವೆಗಳ ಸುತ್ತ ಒಮ್ಮೆ ನಡೆದು ಬಂದ. ಸಮ ಹಂಚಿದರೆ ತನ್ನ ಕುದುರೆಗೆ ಹುಲ್ಲು ಸಾಲದು, ಅದರ ಋಣ ಇಲ್ಲಿಗೆ ಮುಗಿಯಿತು ಅಂದುಕೊಂಡಳು ಕೆಂಜೆ. ಹುಲ್ಲೆತ್ತುವ ಕವೆಗೋಲನ್ನು ಅವನ ಕಡೆ ಚಾಚಿ, "ತಗೊಳ್ಳಿ, ಸಮ ಮಾಡೋಣ," ಅಂದಳು.

ಮಂಬೆತ್ ಅದನ್ನು ಇಸಿದುಕೊಂಡು ಎತ್ತರದ ಬಣವೆಗೆ ಒರಗಿಸಿದ.

"ಇದು ನಂದು. ಸಾಲದಿದ್ರೆ ಹೊಳೆ ದಂಡೆ ಜೊಂಡು ಕೊಯ್ಕೋತೀನಿ," ಅಂದ. "ದೊಡ್ಡದು ನಿನಗೆ ಕೊಡಬೇಕು ಅಂತಲೇ ಬೆಳಗ್ಗೆ ಮನೆಯಿಂದ ಹೊರಟಿದ್ದು ನಾನು. ಯಾವುದು ದೊಡ್ಡದು ಅಂತ ಈಗ ಗೊತ್ತಾಯ್ತು, ಅಷ್ಟೆ."