ನೊರೀನ್ ಗುರುತು ಹಾಕಿದ ವ್ಯಾಕರಣ

ಮರಂಬಿಜಿ ಹೊಳೆಯಿಂದ ಬರುವ ನಮ್ಮ ಕಾಲುವೆಗೆ ಹನ್ನೊಂದು ತೂಬು. ಅವುಗಳ ಆಜ್ಞೆಗಳನ್ನು ಮೂವತ್ತು ವರ್ಷದಿಂದ ಬರೆಯುತ್ತಿದ್ದವಳು ನೊರೀನ್ ಕಿಟ್ಟೊ. ಅದಕ್ಕೆಂದೇ ಒಂದು ಪುಟ್ಟ ಭಾಷೆಯಿತ್ತು. 'ಮಟ್ಟ ಒಂದೂವರೆ ಮೀಟರ್ ದಾಟಿದರೆ ಐದನೇ ತೂಬು ತೆರೆ' ಎಂದು ಅವಳು ಬರೆದರೆ ಕಂಪ್ಯೂಟರ್ ಓದಿ ಮೋಟರು ತಿರುಗಿಸುತ್ತಿತ್ತು. ಈ ಮಾರ್ಚಿನಲ್ಲಿ ಆ ಹಳೆಯ ಕಂಪ್ಯೂಟರ್ ಕೆಟ್ಟು ಕೂತಿತು. ಓದುವ ಪ್ರೋಗ್ರಾಮನ್ನು ಹೊಸದಾಗಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಶುಕ್ರವಾರದೊಳಗೆ ಆಗದಿದ್ದರೆ ತೂಬುಗಳು ಸಿಡ್ನಿಯ ಯಾವುದೋ ಕಂಪನಿಯ ಕೈಗೆ, ಕೆಲಸ ಹೋಗಿ ನೊರೀನ್ ಮನೆಗೆ.

ಭಾಷೆಯ ವ್ಯಾಕರಣ ಬರೆದುಕೊಟ್ಟರೆ ಓದುವ ಪ್ರೋಗ್ರಾಮನ್ನು ತಾನೇ ತಯಾರಿಸಿಕೊಡುವ ಸಲಕರಣೆಯೊಂದಿದೆ. ಅದಕ್ಕೆ ಒಂದು ಪುಟ ಬರೆದುಕೊಟ್ಟೆ. ನಿಯಮಗಳಿಗೆ ಕ, ಖ, ಗ ಎಂದು ಹೆಸರು. ನೊರೀನ್ ಬೇಸಿಗೆಯಲ್ಲಿ ಬರೆದಿದ್ದ ನಾನೂರು ಆಜ್ಞೆಗಳನ್ನೂ ಅದು ತಪ್ಪಿಲ್ಲದೆ ಓದಿತು. ಸತ್ಯ ಹೇಳುತ್ತೇನೆ, ನನಗೆ ಕೊಂಬು ಬಂದಿತ್ತು.

ಆದರೆ ನಮ್ಮಲ್ಲೊಂದು ಪದ್ಧತಿ. ಕಾಲುವೆಯ ಯಾವ ಕಾಗದವೇ ಆಗಲಿ, ನೀರು ಬಿಡುವವರು ಓದಿ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಗುರುವಾರ ಚಹಾದ ಹೊತ್ತಿಗೆ ನೊರೀನ್ ನೋಡಿದಳು, ಕಾಗದವನ್ನು ವಾಪಸು ತಳ್ಳಿದಳು.

"ಇದು ನಂಗರ್ಥ ಆಗಲ್ಲ ಕಣೇ. ಅರ್ಥ ಆಗ್ದಿರೋದಕ್ಕೆ ಗುರುತು ಹಾಕಲ್ಲ."

ನಿನ್ನ ಕೆಲಸ ಉಳಿಸುವುದಕ್ಕೇ ಒದ್ದಾಡುತ್ತಿದ್ದೇನೆ ಎಂದು ರೇಗಿದೆ. ಅವಳು ಬಿಸ್ಕತ್ತು ಅದ್ದಿಕೊಂಡು ತಿಂದಳು. ಹಾಳಾಗಿ ಹೋಗಲಿ ಎಂದು ಮೂತಿ ಊದಿಸಿಕೊಂಡೇ ಎಲ್ಲವನ್ನೂ ಅವಳ ಮಾತಿನಲ್ಲಿ ಮತ್ತೆ ಬರೆದೆ. ಆಜ್ಞೆ ಎಂದರೆ ಒಂದು ಷರತ್ತು, ಆಮೇಲೆ ಒಂದು ಕೆಲಸ. ಕೆಲಸ ಎಂದರೆ ತೆರೆ, ಇಲ್ಲವೇ ಮುಚ್ಚು. ಷರತ್ತು ಎಂದರೆ ಮಟ್ಟ, ಇಲ್ಲವೇ ಹೊತ್ತು. ಸಲಕರಣೆಗೆ ಯಾವ ಹೆಸರಾದರೂ ಒಂದೇ, ತಕರಾರಿಲ್ಲದೆ ಒಪ್ಪಿಕೊಂಡಿತು.

ಶುಕ್ರವಾರ ಬೆಳಿಗ್ಗೆ ನೊರೀನ್ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳು. ಷರತ್ತಿನ ಸಾಲಿನಲ್ಲಿ ಬೆರಳು ನಿಂತಿತು.

"ಮಟ್ಟ, ಹೊತ್ತು. ಕಾಲುವೇಲಿ ಆಳು ಇದ್ರೆ? ಅದೆಲ್ಲಿ?"

ನಾನೂರರಲ್ಲಿ ಅಂಥದ್ದು ಒಂದೂ ಇಲ್ಲವಲ್ಲ ಎಂದೆ.

"ಬೇಸಿಗೇಲಿ ಯಾಕಿರತ್ತೆ? ಕಳೆ ತೆಗೆಯೋರು ಇಳಿಯೋದು ಚಳಿಗಾಲದಲ್ಲಿ, ಜುಲೈನಲ್ಲಿ. ಆಗ ಮಟ್ಟ ಎಷ್ಟೇ ಏರ್ಲಿ, ಆಳು ಇದ್ರೆ ಮುಚ್ಚು ಅಂತ ಬರೀತೀನಿ." ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಜುಲೈನಲ್ಲಿ ನಿನ್ ಗಂಡ ಎಲ್ಲಿರ್ತಾನೆ ಮಗಳೇ?"

ಐದನೇ ತೂಬಿನ ಕೆಳಗೆ, ಕೆಸರಲ್ಲಿ. ಹದಿನಾಲ್ಕು ವರ್ಷದಿಂದ ಅವನ ಬೂಟು ತೊಳೆದಿಡುವವಳು ನಾನು. ಅರ್ಥವಾಗದ ಸಾಲನ್ನು ನನ್ನ ಪ್ರೋಗ್ರಾಂ ಸದ್ದಿಲ್ಲದೆ ದಾಟಿಬಿಡುತ್ತಿತ್ತು, ಮಟ್ಟ ಏರಿದೊಡನೆ ತೂಬು ತೆರೆಯುತ್ತಿತ್ತು.

ನೊರೀನ್ ಷರತ್ತಿನ ಸಾಲಿನ ಕೊನೆಗೆ 'ಇಲ್ಲವೇ ಆಳು' ಎಂದು ತಾನೇ ಸೇರಿಸಿ, ಕೆಳಗೆ ಗುರುತು ಹಾಕಿದಳು. ಅವಳು ಬರೆದದ್ದನ್ನು ಇದ್ದ ಹಾಗೆಯೇ ಸಲಕರಣೆಗೆ ಕೊಟ್ಟೆ. ಅರ್ಥವಾಗದ ಸಾಲು ಬಂದರೆ ಪ್ರೋಗ್ರಾಂ ನಿಂತು ಕೂಗುವಂತೆಯೂ ಮಾಡಿದೆ. ತೂಬುಗಳು ಅವಳ ಕೈಯಲ್ಲೇ ಉಳಿದವು.

ಸಂಜೆ ಗಂಡ ಬ್ರೆಂಡನ್ ಮನೆಗೆ ಬಂದಾಗ ಅವನ ಕೈ ಹಿಡಿದು ಕೂತುಬಿಟ್ಟೆ. ಏನಾಯ್ತೇ ಎಂದು ಕೇಳಿದ. ಏನಿಲ್ಲ, ನೊರೀನ್‌ಗೆ ಒಂದು ಕೇಕ್ ಮಾಡಬೇಕು ಎಂದೆ.