ನಾಳೆಯ ಹಿಟ್ಟು

ಎದುರುಮನೆಯಾಕೆ ಫ್ರಿಜ್ಜಿನ ಮೇಲಿದ್ದ ಅಗಲದ ಪಾತ್ರೆಯನ್ನು ಎತ್ತಿಕೊಂಡು ಕಸದ ಬುಟ್ಟಿಯ ಕಡೆ ತಿರುಗಿದ್ದಳು. ಮನೆಯ ಮಗಳು ಅಡ್ಡ ಬಂದಳು. ಪಾತ್ರೆಗೆ ಮುಚ್ಚಿದ ಬಟ್ಟೆ ಉಬ್ಬಿ ನಿಂತಿತ್ತು, ಒಂದು ಅಂಚಿನಿಂದ ಹಿಟ್ಟು ಹೊರಗೆ ಇಣುಕುತ್ತಿತ್ತು.

"ಹುಳಿ ವಾಸನೆ ಕಣೇ. ಜನ ಬಂದು ಕೂತಿದ್ದಾರೆ."

"ಬಿಡಿ ಅಕ್ಕ. ಅಪ್ಪ ನಾದಿಟ್ಟದ್ದು."

ಆಕೆ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು. ನಿನ್ನೆ ಸಂಜೆ ಹಿಟ್ಟು ನಾದಿಟ್ಟು ಮಲಗಿದ ದರ್ಜಿ ಬೆಳಗ್ಗೆ ಏಳಲಿಲ್ಲ. ಈಗ ಮಧ್ಯಾಹ್ನ ಮೂರು ಗಂಟೆ. ಸ್ಮಶಾನದವರೆಗೆ ಕಳಿಸಿಕೊಟ್ಟು ಬಂದವರು ಹಜಾರದಲ್ಲಿ ಕೂತಿದ್ದರು. ನಲವತ್ತೊಂದು ವರ್ಷ ಅವರ ಪಕ್ಕದಲ್ಲೇ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹಾಕಿದ ಮುದುಕ ಹೇಳುತ್ತಿದ್ದ, ತೋಳು ಕಾಲಿಂಚು ಉದ್ದವಾದರೂ ಅವರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಗಿರಾಕಿ ಸಾಕು ಬಿಡಪ್ಪ ಅಂದರೂ ಬಿಚ್ಚಿ ಹೊಲಿಯುತ್ತಿದ್ದರು ಎಂದು.

ಮಗಳ ಕಣ್ಣು ಮಾತ್ರ ಮೆಟ್ಟಿಲ ಕೆಳಗಿದ್ದ ನೀಲಿ ಸೂಟ್‌ಕೇಸಿನ ಮೇಲಿತ್ತು. ಅದು ಅತ್ತೆಯದು. ಗಂಡ ಹಡಗಿನ ಎಂಜಿನ್ ರೂಮಿನವನು, ದಡ ಸೇರಲು ಇನ್ನೂ ಮೂರು ದಿನ. ಬೆಳಗ್ಗೆ ಫೋನಿನಲ್ಲಿ ಅತ್ತಿದ್ದ. ಆಮೇಲೆ ಹೇಳಿದ್ದ: "ಅಮ್ಮ ತಂಗಿ ಮನೆಗೆ ಹೋಗ್ತೀನಿ ಅಂತಿದ್ದಾಳೆ, ಇವತ್ತು ಸಂಜೆಯ ಬಸ್ಸಿಗೇ. ನಿಮ್ಮಪ್ಪ ಹೋದಮೇಲೆ ಆ ಮನೇಲಿ ನನ್ನ ಜೊತೆ ಮಾತಾಡೋರು ಯಾರು ಅಂತಾಳೆ. ನೀನೇ ಹೇಗಾದ್ರೂ ತಡಿ." ಅಷ್ಟರಲ್ಲಿ ಲೈನು ಕಡಿದಿತ್ತು.

ಹೇಗಾದರೂ ಅಂದರೆ ಹೇಗೆ? ಗಂಡ ಕನ್ನಡ ಕಲಿತಿದ್ದ, ಅತ್ತೆಗೆ ಬರುವುದು ತಮ್ಮ ದೇಶದ ಸ್ಪ್ಯಾನಿಷ್ ಒಂದೇ. ಮಗಳಿಗೆ ಅದರಲ್ಲಿ ಬರುತ್ತಿದ್ದುದು ಉಪ್ಪು, ನೀರು, ಸಾಕು.

*

ಅತ್ತೆ ಈ ಮನೆಗೆ ಬಂದ ಮೊದಲ ಆರು ತಿಂಗಳು ಊಟದ ಮೇಜಿನಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೊನೆಗೆ ಆಕೆ ತಟ್ಟೆ ಹಿಡಿದು ತನ್ನ ಕೋಣೆಗೇ ಹೋಗತೊಡಗಿದರು. ಅಂಥದೊಂದು ರಾತ್ರಿ ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಿದ್ದರು.

"ಮನೇಲಿ ಒಬ್ಬರು ಮೂಕರಾಗಿ ಕೂತಿದ್ರೆ ಉಳಿದವರ ಗಂಟಲಲ್ಲಿ ಅನ್ನ ಇಳಿಯಲ್ಲಮ್ಮ."

ಮಾರನೆಯ ದಿನವೇ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ಅಡುಗೆಮನೆಗೆ ನುಗ್ಗಿದರು. ಹೆಂಡತಿ ಇದ್ದಷ್ಟು ಕಾಲ ನೀರು ಕಾಯಿಸಲೂ ಅಲ್ಲಿಗೆ ಕಾಲಿಡದಿದ್ದ ಮನುಷ್ಯ. ಬೀಗಿತಿ ಈರುಳ್ಳಿ ಹೆಚ್ಚಿದರೆ ಇವರೂ ಹೆಚ್ಚುವರು, ಹೆಚ್ಚುತ್ತಾ ಆಕೆ ಅಂದದ್ದನ್ನೇ ಅನ್ನುವರು. ನಾನು ಹೆಚ್ಚುತ್ತೇನೆ, ನೀನು ಹೆಚ್ಚುತ್ತೀಯ, ಅವಳು ಹೆಚ್ಚುತ್ತಾಳೆ. ಎರಡನೇ ವಾರ ಗುಟ್ಟು ಸಿಕ್ಕಿದವರಂತೆ ಮಗಳನ್ನು ಕರೆದು ಹೇಳಿದರು, ಈ ಭಾಷೆಯೂ ನಮ್ಮ ಅಂಗಿಯ ಹಾಗೇ, ಮೈ ಒಂದೇ, ಆಳು ನೋಡಿ ತೋಳು ಬದಲಾಯಿಸಬೇಕು ಅಷ್ಟೆ.

ವ್ಯಾಕರಣದ ಒಂದೊಂದು ಕಾಲಕ್ಕೆ ಒಂದೊಂದು ಅಡುಗೆ ನಿಗದಿಯಾಯಿತು. ಈಗ ನಡೆಯುವುದಕ್ಕೆ ಆಮ್ಲೆಟ್, ಕಣ್ಣೆದುರೇ ಆಗಿಬಿಡುತ್ತದೆ. ಆದದ್ದಕ್ಕೆ ಸೂಪು, ಬಡಿಸುವಾಗ ಏನೇನು ಹಾಕಿದೆ ಅಂತ ಹೇಳಬೇಕು. ಬೀಗಿತಿ ಸೌಟು ಹಿಡಿದು ನಿಲ್ಲುವರು. ವಾಕ್ಯ ತಪ್ಪಾದರೆ ಮೇಜಿಗೆ ಒಂದೇ ಏಟು, ಸರಿಯಾದರೆ ಎರಡು. ಎರಡು ಏಟು ಬೀಳುವ ತನಕ ಪಾತ್ರೆ ಒಲೆಯಿಂದ ಇಳಿಯಕೂಡದು ಎಂಬ ನಿಯಮವನ್ನು ಅಪ್ಪನೇ ಮಾಡಿಕೊಂಡದ್ದು. ಸೂಪಿನ ತಿಂಗಳಲ್ಲಿ ಮೂರು ಪಾತ್ರೆ ತಳ ಹಿಡಿದು ಕರಕಲಾದವು.

"ನಿಮಗೆ ಭಾಷೆ ಬರೋ ಹೊತ್ತಿಗೆ ನಮಗೆ ಪಾತ್ರೆ ಇರಲ್ಲ," ಎಂದು ಮಗಳು ಗೊಣಗಿದ್ದಳು. ಬಾ, ನೀನೂ ನಿಲ್ಲು, ಎಂದು ಅವರು ಕರೆಯುತ್ತಲೇ ಇದ್ದರು. ಅವಳು ಡ್ಯೂಟಿ ಮುಗಿಸಿ ಸುಸ್ತಾಗಿ ಬರುವವಳು. ನಾಳೆ ನೋಡೋಣ ಅಪ್ಪ, ಅನ್ನುತ್ತಿದ್ದಳು.

ಆದರೆ ಅಂಥ ಸಂಜೆಗಳಲ್ಲಿ ಬಾಗಿಲು ತೆಗೆದು, ಮಾತಿಲ್ಲದೆ ಅವಳ ಕೈಚೀಲ ಇಳಿಸಿಕೊಂಡು, ಬಿಸಿ ಲೋಟ ಕೈಗಿಡುತ್ತಿದ್ದವರು ಅತ್ತೆಯೇ.

*

ಕೋಟು ಹಾಕಿಕೊಂಡು ಅತ್ತೆ ಮೆಟ್ಟಿಲಿಳಿದು ಬಂದರು. ಕಣ್ಣು ಬಾತಿತ್ತು. ಹಜಾರದವರಿಗೆ ತಲೆಬಾಗಿ, ಸೂಟ್‌ಕೇಸಿನ ಹಿಡಿ ಹಿಡಿದರು. ಕಾಜಾದ ಮುದುಕ ಎದ್ದು ನಿಂತ.

ಮಗಳು ಅಡುಗೆಮನೆಗೆ ಓಡಿದಳು. ಅಪ್ಪನ ಅಳತೆ ಪುಸ್ತಕ ಸಕ್ಕರೆ ಡಬ್ಬಿಯ ಹಿಂದೆ ಇತ್ತು. ಗಿರಾಕಿಯ ಹೆಸರು ಬರೆಯುವ ಜಾಗದಲ್ಲಿ ತೊಳೆ, ಹೆಚ್ಚು, ಬೇಯಿಸು. ಎದೆ, ಸೊಂಟ, ತೋಳಿನ ಜಾಗದಲ್ಲಿ ನಾನು, ನೀನು, ನಾವು. ಅವುಗಳ ಸ್ಪ್ಯಾನಿಷ್ ರೂಪಗಳೆಲ್ಲ ಕನ್ನಡ ಅಕ್ಷರದಲ್ಲಿ. ಕೊನೆಯ ಪುಟಕ್ಕೆ ನಿನ್ನೆಯ ತಾರೀಕು. ಮೇಲೆ ಬರೆದಿತ್ತು: "ಮುಂದೆ ಆಗುವುದು. ಇದಕ್ಕೆ ಬ್ರೆಡ್ಡು. ಇವತ್ತು ನಾದಿದರೆ ನಾಳೆಗೆ." ಕೆಳಗೆ ಒಂದೇ ಸಾಲು, ಅದರ ಅರ್ಥದೊಂದಿಗೆ.

ಅವಳು ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು, ಪುಸ್ತಕ ತೆರೆದು, ಬಾಗಿಲಿಗೆ ಅಡ್ಡ ನಿಂತಳು.

"ಮಾನ್ಯಾನಾ," ಎಂದಳು. ಉಳಿದದ್ದನ್ನು ಅವಸರದಲ್ಲಿ ಓದಿದಳು. "ಮಾನ್ಯಾನಾ ಹರಾಮಸ್ ಪಾನ್."

ಅತ್ತೆ ಅವಳನ್ನು ನೋಡಿದರು, ಹಿಟ್ಟನ್ನು ನೋಡಿದರು. ಸೂಟ್‌ಕೇಸಿನ ಹಿಡಿ ಬಿಡಲಿಲ್ಲ. ಇನ್ನೊಂದು ಕೈಯ ಗೆಣ್ಣು ಬಾಗಿಲಿನ ಮರಕ್ಕೆ ತಗುಲಿತು. ಒಂದೇ ಏಟು.

ಮಗಳು ಅಪ್ಪನ ಉರುಟು ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದನ್ನೇ ತಡವಿ ಓದಿದಳು.

"ಮಾನ್ಯಾನಾ ಆರೆಮೋಸ್ ಪಾನ್. ನಾಳೆ ನಾವು ಬ್ರೆಡ್ಡು ಮಾಡ್ತೀವಿ, ಅತ್ತೆ. ನಾವು."

ಅತ್ತೆಯ ಕೈ ಸೂಟ್‌ಕೇಸಿನ ಹಿಡಿ ಬಿಟ್ಟಿತು. ಆಮೇಲೆ ಎರಡು ಏಟು ಬಿತ್ತು.

"ಪಾಸಾದೆ ಕಣಮ್ಮ," ಎಂದ ಕಾಜಾದ ಮುದುಕ ಕಣ್ಣೊರೆಸಿಕೊಳ್ಳುತ್ತಾ. "ನಿಮ್ಮಪ್ಪನಿಗೆ ಇದಕ್ಕೆ ಒಂದು ವಾರ ಹಿಡೀತಿತ್ತು."

ಅತ್ತೆ ಕೋಟು ಬಿಚ್ಚಿ ಸೂಟ್‌ಕೇಸಿನ ಮೇಲೆ ಹಾಕಿದರು. ಹಿಟ್ಟಿಗೆ ಮುಷ್ಟಿಯಿಂದ ಗುದ್ದಿ ಉಬ್ಬು ಇಳಿಸಿದರು. ಮಗಳ ಕೈಹಿಡಿದು ಅದರೊಳಗೆ ಒತ್ತಿ, ಒಂದು ಮಾತು ಹೇಳಿ, ಅವಳು ತಿರುಗಿ ಹೇಳುವವರೆಗೆ ಕಾದರು. ಎದುರುಮನೆಯಾಕೆ ಒಲೆಯ ಪಕ್ಕದ ಓವನ್ ಹಚ್ಚಿದಳು. ಸಂಜೆಯ ಬಸ್ಸಿನ ಹೊತ್ತು ಮೀರಿದಾಗ ಹಜಾರದವರೆಲ್ಲ ಬಿಸಿ ಬ್ರೆಡ್ಡು ಮುರಿಯುತ್ತಿದ್ದರು. ಸ್ವಲ್ಪ ಹುಳಿ, ಆದರೂ ಯಾರೂ ಚೂರೂ ಬಿಡಲಿಲ್ಲ.

ಪಾತ್ರೆ ತೊಳೆಯಲು ಮಗಳು ಕೈ ಚಾಚಿದಳು. ಅತ್ತೆ ತಡೆದರು. ಮೊಸರಿಗೆ ಹೆಪ್ಪು ಉಳಿಸಿದ ಹಾಗೆ ತಳದಲ್ಲಿ ಒಂದು ಹಿಡಿ ಹಿಟ್ಟು ಉಳಿಸಿದ್ದರು. ಅದಕ್ಕೆ ಹೊಸ ಹಿಟ್ಟು, ನೀರು ಬೆರೆಸಿ, ದರ್ಜಿಯ ಸೀಮೆಸುಣ್ಣದ ಗೆರೆಗಳಿದ್ದ ತುಂಡು ಬಟ್ಟೆ ಮುಚ್ಚಿ, ಫ್ರಿಜ್ಜಿನ ಮೇಲೆ ಅದರ ಜಾಗದಲ್ಲೇ ಇಟ್ಟರು.